ಮೂವತ್ತರ ಕೊನೆಯ ಚೌಕ

ಸೆಮಾರಾಂಗಿನ ಬಡಗಣ ಬೀದಿಗೆ ಸಮುದ್ರ
ತಿಂಗಳಿಗೆರಡು ಸಲ ಹೇಳದೆ ಕೇಳದೆ ಬರುತ್ತದೆ,
ಚಪ್ಪಲಿ ಹೊರಗೆ ಬಿಡುವುದಿಲ್ಲ.
ವುರ್ಯಂತೊನ ಬಾಡಿಗೆ ಪುಸ್ತಕದಂಗಡಿಯ ನೆಲ
ಮೂರು ಸಲ ಎತ್ತರವಾಗಿದೆ, ಬಾಗಿಲು ಅಷ್ಟಕ್ಕಷ್ಟು ಗಿಡ್ಡ.
ಒಳಗೆ ಹೋಗಬೇಕೆಂದರೆ ಈಗ ಎಲ್ಲರೂ ಬಗ್ಗಬೇಕು,
ತೆರಿಗೆಯವನೂ.

ಕೆಳಗಿನ ಕಪಾಟು ಖಾಲಿ.
ನಡುವಿನದರಲ್ಲಿ ಕಡಲಾಚೆಯ ದೊಡ್ಡ ಮನೆತನಗಳ ವೀರರು:
ನುಣುಪು ಕಾಗದ, ಉಬ್ಬಿದ ಎದೆ,
ಪ್ರತಿ ಬೇಸಿಗೆಗೊಂದು ಪ್ರಳಯ.
ಮೇಲಿನದರಲ್ಲಿ, ನೀರು ಮುಟ್ಟದ ಎತ್ತರದಲ್ಲಿ,
ಕಸಿನೆಮ್ ಬರೆದ ಮೂವತ್ತು ಸಂಚಿಕೆ.
ಬಣ್ಣ ಎರಡೇ: ಕಪ್ಪು, ಮತ್ತು
ಆ ವಾರ ಮುದ್ರಕನ ಬಳಿ ಉಳಿದಿದ್ದದ್ದು.

‘ಇವರು ಅವರನ್ನ ಗೆಲ್ತಾರಾ?’
ಲಾರಸ್ ಕೇಳುತ್ತಾಳೆ, ಮಂಡಿಯವರೆಗೆ ಒದ್ದೆ.
ಆ ಬೆಂಚಿನ ಮೇಲೆ ಮೂವತ್ತು ವರ್ಷ ಕೂತ ನಾನು
ಗಂಟಲು ಸರಿಮಾಡಿಕೊಳ್ಳುತ್ತೇನೆ.

ನೋಡು, ಮೊದಲು ಪರ್ಮಿನ್. ಸೈಕಲ್ ರಿಕ್ಷಾದವನು.
ಯಾರೂ ಅವನ ಮುಖ ನೋಡುವುದಿಲ್ಲ, ಅದೇ ಅವನ ಶಕ್ತಿ.
ಮಂತ್ರಿಯನ್ನು ಕೂರಿಸಿಕೊಂಡು ಊರೆಲ್ಲ ಸುತ್ತಿದ,
ಲಂಚದ ಲೆಕ್ಕ ಪೈಸೆ ಸಮೇತ ಕಿವಿಗೆ ಬಿತ್ತು;
ಮಂತ್ರಿಗೆ ನೆನಪಿದ್ದದ್ದು ಬರೀ ಬೆಲ್ಲಿನ ಸದ್ದು.
ಆಮೇಲೆ ದಾರ್ಸಿ. ಅವಳು ರೈಲ್ವೆ ಗೇಟು ಇಳಿಸಿದರೆ
ರೈಲು ದಾಟುವವರೆಗೆ ಕಾಲ ನಿಲ್ಲುತ್ತದೆ.
ಗೂಡ್ಸ್ ಆದರೆ ನಾಲ್ಕು ನಿಮಿಷ,
ಪ್ಯಾಸೆಂಜರ್ ಆದರೆ ನಲವತ್ತು ಸೆಕೆಂಡು.
ಅಷ್ಟರಲ್ಲೇ ಎಲ್ಲ ಆಗಬೇಕು. ಆಗದಿದ್ದರೆ, ಆಗಲಿಲ್ಲ.
ಉಪ್ಪುಗಣ್ಣಿನ ಮುಂತಿಯಾ ಒಬ್ಬಳೇ ನಿಜವಾದ ಬಲಶಾಲಿ:
ಉಕ್ಕಿದ ಕಡಲನ್ನು ಕುಡಿಯುತ್ತಾಳೆ.
ಕುಡಿದಷ್ಟನ್ನೂ ರಾತ್ರಿಯೆಲ್ಲ ಅತ್ತು ತೀರಿಸಬೇಕು,
ಅದೂ ಬೇರೆ ಊರಿಗೆ ಹೋಗಿ.

‘ಅವರಲ್ಲಿ ಹಾರೋರೇ ನೂರು ಜನ ಇದಾರೆ.’

ಇದ್ದಾರೆ. ಹಾರುವವರಿಗೆ ಸೇತುವೆ ಯಾಕೆ?
ಅವರು ಪುಡಿಮಾಡಿದ ನಗರ ಮುಂದಿನ ತಿಂಗಳು ಹೊಚ್ಚ ಹೊಸದು,
ಗಾಜು ಗುಡಿಸಿದವರು ಯಾವ ಚೌಕದಲ್ಲೂ ಇಲ್ಲ.
ಕಸಿನೆಮ್ ಏಳನೆಯದರಲ್ಲಿ ಮೀನುಪೇಟೆಯ ಸೇತುವೆ ಕೆಡವಿದಳು;
ಹತ್ತೊಂಬತ್ತರಲ್ಲೂ ಅದು ಮುರಿದೇ ಇದೆ.
ಜನ ದೋಣಿಯಲ್ಲಿ ದಾಟುತ್ತಾರೆ. ದೋಣಿಯವನಿಗೆ ಮದುವೆಯಾಗಿದೆ,
ಇಪ್ಪತ್ತಮೂರರ ಮೂಲೆಯಲ್ಲಿ, ನೋಡು, ತೊಟ್ಟಿಲು.

ಅವರಲ್ಲಿ ಸತ್ತವರು ಹಬ್ಬಕ್ಕೆ ಬಂದ ಅಳಿಯಂದಿರ ಹಾಗೆ
ಹೊಸ ಬಟ್ಟೆಯಲ್ಲಿ ಮರಳಿ ಬರುತ್ತಾರೆ.
ನಮ್ಮ ಪರ್ಮಿನ್ ಇಪ್ಪತ್ತಾರರಲ್ಲಿ ಸತ್ತ.
ಸತ್ತ, ಅಷ್ಟೇ.
ಇಪ್ಪತ್ತೇಳರಲ್ಲಿ ಅವನ ರಿಕ್ಷಾ ಮಾರಾಟಕ್ಕಿತ್ತು.
ಎರಡು ಪುಟ ಚೌಕಾಸಿ. ಕಡೆಗೆ ಯಾರೂ ಕೊಳ್ಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಕಸಿನೆಮ್‌ಗೆ
ಬೆರಳು ಬರೆಯಲು ಬರುತ್ತಿರಲಿಲ್ಲ.
ಎಲ್ಲರ ಕೈಯೂ ಜೇಬಿನಲ್ಲಿ, ಇಲ್ಲವೇ ನೀರಿನೊಳಗೆ.
ಹನ್ನೊಂದರಲ್ಲಿ ಖಳನ ಹೆಸರು ಅರ್ಧದಾರಿಯಲ್ಲಿ ಬದಲಾಗುತ್ತದೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ,
ನಮ್ಮನ್ನು ಆಟಕ್ಕೂ ಯಾರೂ ಕರೆಯಲಿಲ್ಲ.

ಮೂವತ್ತರ ಕೊನೆಯ ಚೌಕ:
ದಾರ್ಸಿ ಗೇಟು ಇಳಿಸಿದ್ದಾಳೆ. ಅಲೆಯ ಬಾಯಲ್ಲಿ ಮುಂತಿಯಾ.
ಗೂಡ್ಸಿನ ಕಟ್ಟಕಡೆಯ ಡಬ್ಬಿ ದಾಟುತ್ತಿದೆ.
ಕೆಳಗೆ ಇರುವೆಯಂಥ ಅಕ್ಷರ: ಮುಂದಿನ ಸಂಚಿಕೆಯಲ್ಲಿ.

ಮುದ್ರಕ ಸಾಲಕ್ಕೆ ಹೆದರಿ ಸೊಲೊ ಕಡೆ ಹೋದ.
ಕಸಿನೆಮ್ ಮೀನು ಹೊಗೆ ಹಾಕುವ ಕೆಲಸಕ್ಕೆ ಸೇರಿದಳು;
ಈಗಲೂ ಸಂಜೆ ಈ ದಾರಿಯಲ್ಲೇ ಹಾಯುತ್ತಾಳೆ,
ಅಂಗಡಿಯತ್ತ ನೋಡುವುದಿಲ್ಲ, ವಾಸನೆ ಮಾತ್ರ ಒಳಗೆ ಬರುತ್ತದೆ.
ಆ ಡಬ್ಬಿ ಇಪ್ಪತ್ತೆರಡು ವರ್ಷದಿಂದ
ದಾಟುತ್ತಲೇ ಇದೆ.

ಲಾರಸ್ ಬಹಳ ಹೊತ್ತು ನೋಡಿದಳು.
ಬಾಡಿಗೆ ಚೀಟಿಯನ್ನು ಪುಟದ ಅಂಚಿಗೆ ಹೊಂದಿಸಿ,
ವುರ್ಯಂತೊನ ಲೆಕ್ಕದ ಪೆನ್ಸಿಲಿನಿಂದ
ಆ ಡಬ್ಬಿಯ ಹಿಂದೆ ಇನ್ನೊಂದು ಡಬ್ಬಿ ಬರೆದಳು.
ಸೊಟ್ಟ. ಚಕ್ರ ಮೂರೇ.
ಅದರ ಹಿಂದೆ ಮತ್ತೊಂದು.

‘ಗಂಟೆ ಮುಗೀತು, ಎದ್ದೇಳು,’ ವುರ್ಯಂತೊ ಕೂಗಿದ.

‘ತಡೀರಿ,’ ಅಂದಳು ತಲೆಯೆತ್ತದೆ,
‘ಗಾಡಿ ಇನ್ನೂ ದಾಟಿಲ್ಲ.’

ಹೊಸ್ತಿಲಲ್ಲಿ ನೀರು
ಒಂದು ಬೆರಳಿನಷ್ಟು ಕೆಳಗೆ ನಿಂತಿತ್ತು.