ಮುಕ್ಕಾಲು ಹೊತ್ತು

ನಿಮ್ಮ ಕಾಗದ ತಲುಪಿತು.
ಏಳನೆಯ ಪ್ರಶ್ನೆಯ ಮುಂದಿನ ಚೌಕ ಇನ್ನೂ ಖಾಲಿ:
ವಾರಕ್ಕೆ ಎಷ್ಟು ತಾಸು ಕಡಿಮೆ ಮಾಡಬಯಸುತ್ತೀರಿ?

ತಡೆಯಿರಿ, ಮೊದಲು ದೋಣಿಯೊಂದಕ್ಕೆ ದಾರಿ ಬಿಡಬೇಕು.
ಗಂಟೆ ಬಾರಿಸಿ, ಕೆಂಪು ದೀಪ ಹಾಕಿ, ಅಡ್ಡಗಂಬ ಇಳಿಸಿ,
ಹಾಲಿನ ಲಾರಿಯವನ ಗೊಣಗಾಟ ಕಿವಿಗೆ ಹಾಕಿಕೊಳ್ಳದೆ
ಸೇತುವೆ ಎತ್ತಿದೆ.
ಗಾಳದ ಕೋಲಿನ ತುದಿಗೆ ಕಟ್ಟಿದ ಮರದ ಜೋಡನ್ನು
ಕಾಲುವೆಯ ಮೇಲೆ ತೂಗಿಬಿಟ್ಟೆ.
ಸುಂಕ ಬಿತ್ತು: ಎರಡು ಯೂರೋ, ಅದರ ಜೊತೆಗೊಂದು ಅಂಗಿಗುಂಡಿ.
ಹೆಸರಿಗೆ ಜೋಡು, ಇರುವುದು ಒಂಟಿ.
ಇನ್ನೊಂದು ಎಲ್ಲಿ ಹೋಯಿತೆಂದು
ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿಲ್ಲ.

ಈಗ ನಿಮ್ಮ ಲೆಕ್ಕ.
ಮೂವತ್ತಾರು ತಾಸನ್ನು ಇಪ್ಪತ್ತೇಳಕ್ಕೆ ಇಳಿಸಿದರೆ
ಸಂಬಳದಲ್ಲಿ ಕಾಲು ಹೋಗುತ್ತದೆ.
ಹೋದ ಕಾಲಿಗೆ ನನ್ನ ಪಿಂಚಣಿಯಿಂದಲೇ ಕಡಿದು
ಒಂದು ಊರುಗೋಲು ಕೊಡುತ್ತೀರಿ.
ಆ ಊರುಗೋಲಿನ ಬಾಡಿಗೆ ತಿಂಗಳಿಗೆ ನೂರಹದಿನಾಲ್ಕು,
ನಾನಿರುವಷ್ಟು ದಿನ.

ಯೊರಿಟ್ ಎಂಬ ನಿಮ್ಮ ಹುಡುಗ ಫೋನಿನಲ್ಲಿ
ಇದನ್ನೇ ಮೂರು ಸಲ ಹೇಳಿದ, ಬೇಸರಿಸದೆ.
ನಾನಿರುವಷ್ಟು ದಿನ ಅಂದರೆ ಎಷ್ಟಪ್ಪಾ, ಅಂದೆ.
ಕೋಷ್ಟಕದ ಪ್ರಕಾರ ಎಂಬತ್ತೇಳು, ಅಂದ.
ಅಂದವನು ತಾನೇ ನಾಚಿ ಕೆಮ್ಮಿದ.

ಅಮ್ಮ ಅರವತ್ತಾರಕ್ಕೇ ಹೋದಳು,
ಪಿಂಚಣಿಯ ಎರಡನೆಯ ಕಂತು ಬರುವ ಮುಂಚೆ.
ಅವಳಕ್ಕ ತ್ಯಿಟ್ಸ್ಕೆಗೆ ಈಗ ತೊಂಬತ್ತಾರು;
ಇಸ್ಪೀಟಿನಲ್ಲಿ ಇವತ್ತಿಗೂ ಮೋಸ ಮಾಡುತ್ತಾಳೆ,
ತಿಂಗಳ ಕೊನೆಯ ವಾರ ಹೀಟರು ಆರಿಸಿ
ಮೂರು ಸ್ವೆಟರು ತೊಟ್ಟು ಕೂರುತ್ತಾಳೆ.
ಅವಳಿಗಿಂತ ಮೊದಲೇ ಅವಳ ಪಿಂಚಣಿಗೆ ಮುಪ್ಪು ಬಂತು.

ಯಾರ ಹಾದಿ ಹಿಡಿಯಲಿ?
ಅಮ್ಮನದಾದರೆ ಈ ಚಳಿಗಾಲಕ್ಕೇ ಬೀಗದಕೈ ಒಪ್ಪಿಸಬೇಕು.
ದೊಡ್ಡಮ್ಮನದಾದರೆ ಒಂದು ತಾಸೂ ಬಿಡಕೂಡದು.
ಚೌಕದೊಳಗೆ ಇಬ್ಬರಿಗೂ ಜಾಗವಿಲ್ಲ.

ಒಮ್ಮೆ ನಾನೂ ಅರೆಹೊತ್ತಿನವಳು,
ಮಕ್ಕಳಿಗೆ ಜ್ವರ ಬರುತ್ತಿದ್ದ ಹನ್ನೊಂದು ವರ್ಷ.
ಆಗ ಬಿಟ್ಟ ತಾಸುಗಳನ್ನು ನೀವು ಮರೆತಿಲ್ಲ,
ಮೂರನೆಯ ಪುಟದಲ್ಲಿ ಸಣ್ಣಕ್ಷರದಲ್ಲಿವೆ.
ಆ ತಾಸುಗಳಲ್ಲಿ ನಾನು ಸುಮ್ಮನೆ ಕೂತಿದ್ದೆ
ಎಂದು ನಿಮ್ಮ ಹಾಳೆ ನಂಬಿದಂತಿದೆ.

ಮೇಲಿನ ಸೇತುವೆಯ ವೀಬ್ರೆನ್ ಹೇಳುತ್ತಾನೆ:
ಅರೆ ಎತ್ತಿದ ಸೇತುವೆ ಯಾರಿಗೂ ಆಗದು ಫ್ರೌಕ್ಯೆ,
ದೋಣಿಗೂ ಇಲ್ಲ, ಲಾರಿಗೂ ಇಲ್ಲ.
ಮಾಡಿದರೆ ಪೂರಾ ಮಾಡು, ಬಿಟ್ಟರೆ ಪೂರಾ ಬಿಡು.

ಸರಿಯೇ. ಆದರೆ ಹೋದ ಗುರುವಾರ
ಮೋಟಾರು ಕೈಕೊಟ್ಟು ಸೇತುವೆ ನಡುವೆಯೇ ನಿಂತಿತು,
ನಲವತ್ತು ನಿಮಿಷ.
ಆಚೆಯವರು ಆಚೆ, ಈಚೆಯವರು ಈಚೆ, ಎಲ್ಲರೂ ಇಳಿದರು.
ಲಾರಿಯವನು ಗೊಣಗಿ ಗೊಣಗಿ ಸಾಕಾಗಿ
ಬುತ್ತಿ ಬಿಚ್ಚಿ ನನಗೂ ಒಂದು ಚೂರು ಚೀಸ್ ಕೊಟ್ಟ.
ಇಷ್ಟು ವರ್ಷ ಅವನ ಮುಖವನ್ನು ಗಾಜಿನಾಚೆಯಷ್ಟೇ ಕಂಡಿದ್ದೆ;
ಗಲ್ಲದಲ್ಲಿ ಗುಳಿ ಬೀಳುತ್ತದೆ, ಪಾಪ.
ಅಷ್ಟರಲ್ಲಿ ಹುಡುಗಿಯೊಬ್ಬಳು
ತೊಗಟೆಯಂಥ ಪುಟ್ಟ ದೋಣಿಯಲ್ಲಿ ಬಂದು
ತಲೆ ತುಸು ಬಗ್ಗಿಸಿ, ಅಡಿಯಿಂದ ನುಸುಳಿ
ಹೋಗಿಯೇ ಬಿಟ್ಟಳು,
ಯಾರ ಅಪ್ಪಣೆಯೂ ಬೇಡದೆ, ಸುಂಕವೂ ಇಲ್ಲದೆ.

ಹೊತ್ತನ್ನು ಹೊತ್ತು ಹೊತ್ತು ನನ್ನ ಬಲಭುಜ ಸೋತಿದೆ.
ಇದು ಕೋಷ್ಟಕದಲ್ಲಿ ಇಲ್ಲವೆಂದು ಬಲ್ಲೆ, ಆದರೂ ಬರೆದೆ.

ಏಳನೆಯ ಪ್ರಶ್ನೆಗೆ: ಒಂಬತ್ತು.
ಶುಕ್ರವಾರ ಇನ್ನು ನನ್ನದು.
ಆ ದಿನ ಏನು ಮಾಡುವಿರಿ ಎಂದು ನೀವು ಕೇಳಿಲ್ಲ,
ಒಳ್ಳೆಯದಾಯಿತು, ನನಗೂ ಗೊತ್ತಿಲ್ಲ.
ನೂರಹದಿನಾಲ್ಕು ಯೂರೋದ ಚಳಿಯನ್ನು
ಬಂದಾಗ ನೋಡಿಕೊಳ್ಳುತ್ತೇನೆ;
ಸ್ವೆಟರು ಹೆಣೆಯುವುದನ್ನು ದೊಡ್ಡಮ್ಮನಿಂದ
ಈಗಲೇ ಕಲಿತರಾಯಿತು.

ಅಂಗಿಗುಂಡಿಯನ್ನು ಲಕೋಟೆಯಲ್ಲಿಟ್ಟಿದ್ದೇನೆ.
ಯೊರಿಟ್‌ಗೆ ಕೊಡಿ.
ತೋಳಿನ ಗುಂಡಿ ಕಳೆದುಕೊಂಡವನ ಹಾಗಿತ್ತು ಅವನ ದನಿ.

ಇನ್ನೊಂದು ದೋಣಿ ಕೂಗುತ್ತಿದೆ. ಸಹಿ ಆಮೇಲೆ.