ಹಿಡಿಯ ಅಳತೆ

ಸಂತೆಪೇಟೆಯ ಅಮೀರ್‌ಜಾನ್ ಅಂಗಡಿಯಲ್ಲಿ
ಬಾಂಡ್ಲಿ ಬಕೆಟ್ಟುಗಳ ನಡುವೆ ನಿಂತು
ಚೀಲದಿಂದ ಟೇಪು ತೆಗೆದೆ.
ನಕ್ಕರು. ನಗಲಿ.
ನಲವತ್ತು ವರ್ಷ ಊರವರ ಕುಪ್ಪಸಕ್ಕೆ ಅಳತೆ ಹಿಡಿದವಳು
ಹಲುಬೆಗೆ ಹಿಡಿಯಬಾರದೆ?

"ಇದು ಕಬ್ಬಿಣದ್ದು ನೋಡ್ರಮ್ಮ, ಹದಿನಾಲ್ಕು ಹಲ್ಲು,
ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ."
ಅಲ್ಲಾಡಲ್ಲ, ಸರಿ.
ಬೆಣಚುಕಲ್ಲಿನ ನಮ್ಮ ಹಿತ್ತಿಲಿಗೆ ಅದೇ ಲಾಯಕ್ಕೂ ಇರಬಹುದು.
ಆದರೆ ಮಲ್ಲಿಗೆ ಬುಡದಲ್ಲಿ ಎಳೆದರೆ ಬೇರನ್ನೇ ಕೀಳುತ್ತದೆ;
ಎತ್ತಿದರೆ ಹಲುಬೆಗಿಂತ ಮೊದಲು
ನನ್ನ ಭುಜ ಹಲುಬುತ್ತದೆ.

"ಹಂಗಾರೆ ಪ್ಲಾಸ್ಟಿಕ್ಕು?"
ಹಸಿರು, ಹಗುರ, ಮಕ್ಕಳ ಆಟದ ಸಾಮಾನು.
ಶಿವರಾತ್ರಿ ದಾಟಿದರೆ ದುರ್ಗದ ಬಿಸಿಲಿಗೆ ಹಪ್ಪಳ.

ಮೂರನೆಯದನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದರು.
ತಿರುಪು ಸಡಿಲಿಸಿ ಉಂಗುರ ಜಾರಿಸಿದರೆ
ತಂತಿಹಲ್ಲುಗಳು ಒತ್ತಿಕೊಂಡು ಅಂಗೈಯಷ್ಟು;
ಹಿಂದಕ್ಕೆ ತಂದರೆ
ಗೆದ್ದವನು ತೋರಿಸುವ ಇಸ್ಪೀಟಿನ ಹಾಗೆ ಹರಡುತ್ತವೆ.
ಟೇಪು ಹಿಡಿದೆ. ಏಳು ಇಂಚು. ಇಪ್ಪತ್ತೆರಡು ಇಂಚು.
ಏಳು ಬದನೆ ಸಾಲಿನ ನಡುವಿಗೆ,
ಇಪ್ಪತ್ತೆರಡು ಹೊಂಗೆಯ ಕೆಳಗಿಗೆ.

ಹೊಂಗೆಯ ಬಗ್ಗೆ ಹೇಳಲೇಬೇಕು.
ಜೋಗಿಮಟ್ಟಿ ರಸ್ತೆಯವರಿಗೆ ಗೊತ್ತು,
ಗುಡ್ಡದ ಮೇಲೆ ಆ ರೆಕ್ಕೆಗಳನ್ನು ತಿರುಗಿಸುವ ಗಾಳಿಯೇ
ಬಿಡುವಾದಾಗ ನಮ್ಮ ಅಂಗಳಕ್ಕೆ ಇಳಿಯುತ್ತದೆ.
ಗುಡಿಸಿದ ಎಲೆರಾಶಿಯನ್ನು
ನಾವು ಕೈ ತೊಳೆದು ಬರುವಷ್ಟರಲ್ಲಿ
ಮದುವೆಮನೆಯ ಎಲಡಿಕೆಯಂತೆ ಎಲ್ಲರಿಗೂ ಹಂಚುತ್ತದೆ.
ನನ್ನ ಸೊಂಟ ಅರ್ಧ ಹೊಲಿಗೆ ಮಿಷನ್ನಿಗೆ ಹೋಗಿತ್ತು,
ಉಳಿದರ್ಧ ಪರಕೆಗೆ.

ಹಿಡಿಯೂ ಹಾಗೇ, ಕೊಳವೆಯೊಳಗೆ ಕೊಳವೆ.
ಈಕಡೆ ತಿರುವಿದರೆ ಸಡಿಲ, ಆಕಡೆ ತಿರುವಿದರೆ ಬಿಗಿ.
ನನ್ನ ಗದ್ದಕ್ಕೆ ಹೊಂದಿಸಿದೆ: ನಲವತ್ತೊಂಬತ್ತು.
ಆಮೇಲೆ ಯಾಕೋ
ಇನ್ನೂ ಎಳೆದೆ, ಅರವತ್ತರ ತನಕ.

"ಇಬ್ಬರಿಗಾ?" ಅಂದರು ಅಮೀರ್‌ಜಾನ್.
ಉತ್ತರ ಕೊಡದೆ ಚೌಕಾಸಿಗಿಳಿದೆ.

ದಾಕ್ಷಾಯಣಿ ನನ್ನ ನಾದಿನಿ.
ಡ್ರಿಲ್ ಟೀಚರ್ ಆಗಿದ್ದವಳು,
ಬಾಗಿಲಲ್ಲಿ ತಲೆ ತಗ್ಗಿಸುವಷ್ಟು ಎತ್ತರ,
ಬೇರೆಲ್ಲೂ ತಗ್ಗಿಸಿದ್ದು ನಾನಂತೂ ಕಂಡಿಲ್ಲ.
ಒಂದೇ ಕಾಂಪೌಂಡು, ಎರಡು ಬಾಗಿಲು, ಒಂದು ನಲ್ಲಿ.
ಒಂದು ಸ್ಟೀಲ್ ಡಬ್ಬಿ ಯಾರದೆಂಬ ಮಾತಿಗೆ
ಮಾತೇ ನಿಂತು ಆಗ ಹದಿನೇಳು ದಿನ.
(ಡಬ್ಬಿ ನನ್ನದೇ. ತಳದಲ್ಲಿ ಹೆಸರಿದೆ. ಇರಲಿ.)

ಹಲುಬೆಯನ್ನು ನಲ್ಲಿಯ ಪಕ್ಕ ಗೋಡೆಗೆ ಒರಗಿಸಿದೆ.
ಹೇಳಲಿಲ್ಲ.
ಮರುದಿನ ಅಂಗಳ ಚೊಕ್ಕ,
ಹಿಡಿ ನನ್ನ ನೆತ್ತಿಗಿಂತ ಮೇಲೆ.
ಸಡಿಲಿಸಲು ಎರಡೂ ಕೈ ಬೇಕಾಯಿತು;
ತಿರುವಿದ್ದು ಕೈಯಲ್ಲ, ಸಿಟ್ಟು.
ಇಳಿಸಿದೆ. ಸಂಜೆ ಗುಡಿಸಿದೆ. ನಾನೂ ಹಲ್ಲು ಕಚ್ಚಿ ಬಿಗಿದೆ.
ಹೀಗೇ ಮಾಘ ಕಳೆಯಿತು,
ಅವಳು ಏರಿಸುವುದು, ನಾನು ಇಳಿಸುವುದು.
ಯಾರು ಗುಡಿಸಿದರೆಂದು ಕೋಲೇ ಹೇಳುತ್ತಿತ್ತು,
ಅದಕ್ಕಿಂತ ಹೆಚ್ಚಿನದನ್ನು ಅದೂ ಹೇಳುತ್ತಿರಲಿಲ್ಲ.

ಮೊನ್ನೆ ಎದ್ದು ಹೋದರೆ
ಹೊಂಗೆಯಡಿ ನೆಲದ ತುಂಬ ಹಲ್ಲಿನ ಗೆರೆ,
ಉದ್ದ ತೋಳಿನ ಉದ್ದ ಗೆರೆ, ಅವಳದೇ.
ಹಲುಬೆ ಎತ್ತಿಕೊಂಡು ಅಭ್ಯಾಸಬಲದಿಂದ
ತಿರುವಲು ಕೈ ಹಾಕಿದೆ.
ಗದ್ದಕ್ಕೆ ಬಂದಿತ್ತು.
ನನ್ನ ಗದ್ದಕ್ಕೆ.

ಒಳಗೆ ಹೋಗಿ ಟೇಪು ತಂದೆ. ನಲವತ್ತೆಂಟೂವರೆ.
ಅರ್ಧ ಇಂಚು ತಪ್ಪಿದ್ದಾಳೆ.
ಕಣ್ಣಳತೆಗೆ ಪರವಾಗಿಲ್ಲ.
ಬಿಗಿಯೂ ಹಗುರ, ಒಂದೇ ಕೈಗೆ ಬರುವಷ್ಟು.

ಗುಡಿಸಲು ಎಲೆಯೇ ಉಳಿದಿರಲಿಲ್ಲ.
ಆದರೂ ಬದನೆ ಸಾಲಿನಲ್ಲಿ ಎರಡು ಸಲ ಎಳೆದು
ಹಿಡಿಯನ್ನು ಅರವತ್ತಕ್ಕೆ ಏರಿಸಿ
ಅವಳ ಬಾಗಿಲ ಕಡೆ ಒರಗಿಸಿ ಬಂದೆ.

ಡಬ್ಬಿಯ ವಿಷಯ
ಇನ್ನೂ ಯೋಚಿಸುತ್ತಿದ್ದೇನೆ.