ಅಪ್ಪನ ಕೆರೆ

ಊರಿಗೆ ಅಪ್ಪನ ಕೆರೆ ಒಂದೇ.
ನನಗೆ ಎರಡು.

ಒಂದು, ಶಹಾಬಜಾರಿನ ನಮ್ಮ ಸ್ಟುಡಿಯೋದ ಹಿಂಗೋಡೆಗೆ
ಇಳಿಬಿಟ್ಟ ಹತ್ತಡಿ ಕೋರಾ ಬಟ್ಟೆ.
ಎಲ್ಲಿಂದಲೋ ಬಂದ ಕ್ಯಾಲೆಂಡರಿನ ಹಾಳೆ ಮುಂದಿಟ್ಟುಕೊಂಡು
ಪೇಂಟರ್ ಇಮಾಮಸಾಬ
ಸುಣ್ಣಕ್ಕೆ ಬಟ್ಟೆಯ ನೀಲಿ ಕಲಸಿ
ಹನ್ನೆರಡು ದಿನ ಹೆಪ್ಪುಗಟ್ಟಿಸಿದ ಕೆರೆ.
ಬರ್ಫ ಅಂತ ಆತ ಕಂಡದ್ದು
ಕುಲ್ಫಿಯವನ ಡಬ್ಬಿಯಲ್ಲಿ, ಮತ್ತೆ
ಬೇಸಿಗೆಯ ಮಯ್ಯತ್ತಿನ ಮನೆಗೆ
ಗೋಣಿಯಲ್ಲಿ ಹೊತ್ತು ತಂದ ಗಡ್ಡೆಗಳಲ್ಲಿ.
ಕೆರೆ ಅಂದಮೇಲೆ ಹಕ್ಕಿ ಬೇಡವೇ ಎಂದು
ಬಿಳಿಯ ಮೇಲೆ ಬಿಳಿ,
ಒಂದು ಬೆಳ್ಳಕ್ಕಿಯನ್ನೂ ನಿಲ್ಲಿಸಿದ.
"ಕಾಣೂದೇ ಇಲ್ಲಲ್ಲೋ" ಅಂದ ಅಪ್ಪ.
"ಇಷ್ಟ್ ಥಂಡ್ಯಾಗ ಅದರ ಹ್ಯಾಂಗ ಎದ್ದ ಕಾಣತದರಿ."

ನಲವತ್ತನಾಲ್ಕು ಡಿಗ್ರಿಯ ಊರು
ಆ ಬರ್ಫದ ಮೇಲೆ ಬಂದು ನಿಂತಿತು.
ಬಗಲಲ್ಲಿ ಬೆವರಿನ ನಕ್ಷೆ ಬಿದ್ದ ಹೊಸ ಮದುವೆಯವರು,
ಆಳಂದದಿಂದ ಲಾರಿ ಹತ್ತಿ ಬಂದ ಅಣ್ಣತಮ್ಮಂದಿರು,
ಹಾರ್ಮೋನಿಯಂ ಸಮೇತ ಒಬ್ಬ ಮಾಸ್ತರ.
ಬಾಡಿಗೆಗಿದ್ದ ಒಂದೇ ಒಂದು ಕೆಂಪು ಸ್ವೆಟರು
ಎಲ್ಲರ ಮೈಗೂ ಹೊಂದಿಕೊಂಡಿತು.
"ನಗಬ್ಯಾಡ್ರಿ, ಥಂಡಿ ಅದ" ಎನ್ನುತ್ತಿದ್ದ ಅಪ್ಪ.
ನಗುತ್ತಿದ್ದರು.
ಆಗ ಒತ್ತುತ್ತಿದ್ದ.

ಇನ್ನೊಂದು ಇದು.
ಡಿಸೆಂಬರಿನ ಆರೂವರೆ. ಹನ್ನೊಂದು ಡಿಗ್ರಿಗೇ
ಊರು ಮುದುಡಿ ಕೂತಿದೆ.
ಹಾಲಿನವ ಕಿವಿಗೆ ಟವೆಲು ಬಿಗಿದು
ಯುದ್ಧಕ್ಕೆ ಹೊರಟವನಂತೆ ಸೈಕಲ್ ತುಳಿಯುತ್ತಾನೆ.
ವಾಕಿಂಗಿನ ರಿಟೈರ್ಡ್ ಸಾಹೇಬರ ಬಾಯಲ್ಲಿ
ಮಾತಿಗಿಂತ ಮೊದಲು ಹೊಗೆ.
ಕಟ್ಟೆಯ ಮೇಲೆ ನಾನು, ಶಾಲಿನೊಳಗೆ ಅಪ್ಪನ ಯಾಷಿಕಾ.

ಲೆನ್ಸಿನ ಒಳಗೆ ಬೂಷ್ಟು ಹಿಡಿದಿದೆ.
ಎಳೆ, ಎಳೆಯಿಂದ ಎಳೆ, ಜರಿಗಿಡದ ಹಾಗೆ.
ರಿಪೇರಿಯವ ಬೆಳಕಿಗೆ ಹಿಡಿದು
"ಗಾಜ್ ತಿಂದದರಿ ಅಕ್ಕೋರೆ, ಇದು ಹೋಗೂದಿಲ್ಲ" ಅಂದಿದ್ದ.
ಇರಲಿ.
ಕಲಬುರಗಿಯಲ್ಲಿ ಹಿಮ ಬಿದ್ದದ್ದು
ಅದೊಂದು ಬಿಲ್ಲೆಯಷ್ಟು ಜಾಗದಲ್ಲಿ.

ನೀರು ಎಲ್ಲಿದೆ ಎಂದು ಹುಡುಕಬೇಕು.
ಈ ದಡದಿಂದ ಆ ದಡಕ್ಕೆ ಅಂತರಗಂಗೆ
ಹಾಸಿಕೊಂಡು, ಬಿಗಿದುಕೊಂಡು,
ಕಲ್ಲೆಸೆದರೆ ಸದ್ದೂ ಕೊಡದೆ ನುಂಗುತ್ತದೆ.
ನಡುವೆ ತೆಪ್ಪದ ಮೇಲೆ ಭೀಮಶಾ,
ಕುಡುಗೋಲು ಕಟ್ಟಿದ ಗಳದಿಂದ ಹಸಿರು ಎಳೆಯುತ್ತಿದ್ದವ,
ಕ್ಯಾಮೆರಾ ಕಂಡು ಕೈ ತೊಳೆದ. ಕೂದಲು ಒತ್ತಿಕೊಂಡ.
"ಹಿಂದ ಏನ್ ಬರ್ತದ್ರಿ?"
"ಕೆರಿ."
"ಕೆರಿ ಬ್ಯಾಡ್ರಿ, ನಾರ್ತದ."
"ಫೋಟೋದಾಗ ನಾರೂದಿಲ್ಲ."

ಅದಕ್ಕೆ ಒಪ್ಪಿದ. ಗಳ ನೆಟ್ಟಗೆ ಹಿಡಿದು
ಕವಾಯತಿನವನಂತೆ ನಿಂತು, ಮೆಲ್ಲಗೆ ಅಂದ:
"ನಮ್ಮವ್ವಂದು ಒಂದೇ ಫೋಟೋ ಅದರಿ ಮನ್ಯಾಗ.
ಬರ್ಫದ ಮ್ಯಾಲ ನಿಂತಾಳ.
ಯಾವ ಊರಿಗಿ ಹೋಗಿದ್ದಳೋ, ಯಾರ್ ಕೂಡ ಹೋಗಿದ್ದಳೋ,
ಕೇಳಬೇಕಂದ್ರ ಈಗ ಅಕಿ ಇಲ್ಲ."

"ಕೆಂಪು ಸ್ವೆಟರು?"

"ಹೌದ್ರಿ. ನಿಮಗ್ಹ್ಯಾಂಗ ಗೊತ್ತು?"

ನಾನು ಫೋಕಸ್ ತಿರುವುತ್ತಲೇ ಇದ್ದೆ.
ಆ ಕಡೆ, ಈ ಕಡೆ. ಬೂಷ್ಟಿನ ಎಳೆಗಳ ನಡುವೆ
ಅವನ ಮುಖ ಬಂದು ಹೋಗಿ ಬಂತು.
"ಥಂಡಿ ಊರಿನಾಗ ಎಲ್ಲಾರೂ
ಕೆಂಪೇ ಹಾಕ್ಕೋತಾರ" ಅಂದೆ.

ಅವನ ಹಿಂದೆ, ಹಸಿರಿನ ಮೇಲೆ,
ಒಂದು ಬೆಳ್ಳಕ್ಕಿ ಕಾಲೆತ್ತಿ, ಕಾಲಿಟ್ಟು,
ಮುಳುಗದೆ ನಡೆದು ಬರುತ್ತಿತ್ತು.
ಇಮಾಮಸಾಬ, ನೋಡು, ನಿನ್ನದು ಎದ್ದು ಕಾಣುತ್ತಿದೆ.

"ನಗಬ್ಯಾಡ್ರಿ" ಅಂದೆ.
ನಕ್ಕ.

ಹಕ್ಕಿ ಚೌಕಟ್ಟಿನೊಳಗೆ ಬಂತೋ ಇಲ್ಲವೋ
ರೋಲು ತೊಳೆಸಿದ ಮೇಲೆ ಗೊತ್ತಾಗಬೇಕು.
ತೊಳೆಯುವವರು ಈಗ ಹೈದರಾಬಾದಿನಲ್ಲೂ
ಒಬ್ಬರೋ ಇಬ್ಬರೋ.
ಇನ್ನೂ ನಾಲ್ಕು ಉಳಿದಿವೆ.
ಭೀಮಶಾ ಗಳ ಊರಿ ತೆಪ್ಪ ನೂಕುತ್ತಾನೆ.
ಹಸಿರು ಬಿರಿದು ಒಂದು ಸೀಳು ಕಪ್ಪು ನೀರು,
ಅವನ ಹಿಂದೆಯೇ
ಮತ್ತೆ ಮುಚ್ಚಿಕೊಳ್ಳುತ್ತದೆ.